ಸಾವಂತ್ರಮ್ಮ ಮತ್ತು ಐಸ್ ಮೊಸರು

ಚನ್ನಗಿರಿಯಲ್ಲಿ ಮೊಸರಿನ ಸಾವಂತ್ರಮ್ಮನ ಮನೆ ಕೇಳಿದರೆ ದಾರಿ ತೋರಿಸುವವರೂ ಸಿಗುತ್ತಾರೆ, ತಾವು ಅವಳ ಬಾಯಿಗೆ ಸಿಕ್ಕ ಕಥೆ ಹೇಳುವವರೂ ಸಿಗುತ್ತಾರೆ. ಮೂರು ಎಮ್ಮೆ, ಒಬ್ಬ ಗಂಡ, ನಲವತ್ತು ವರ್ಷದ ವ್ಯಾಪಾರ. ಹೊಟ್ಟೆ ಕೆಟ್ಟರೆ ಮೊಸರು, ನೆತ್ತಿ ಕಾದರೆ ಮೊಸರು, ಮಕ್ಕಳು ಪರೀಕ್ಷೆಗೆ ಹೊರಟರೆ ಮೊಸರು. ಡಾಕ್ಟರಿಕೆ ಓದಿದವರೆಲ್ಲ ಆರೇಳು ವರ್ಷ ಸುಮ್ಮನೆ ಹಾಳುಮಾಡಿಕೊಂಡರು ಎಂಬುದು ಅವಳ ಖಚಿತ ಅಭಿಪ್ರಾಯ.

ಗಂಡ ತಿಪ್ಪೇಶಪ್ಪ ಲೈನ್‌ಮನ್ ಆಗಿ ನಿವೃತ್ತನಾದವನು. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಕಾಯಿಲೆ ಗೊತ್ತಾದ ದಿನವೇ ಬೆಲ್ಲದ ಡಬ್ಬಿಗೆ ಬೀಗ ಬಿತ್ತು, ಕೀಲಿ ಸಾವಂತ್ರಮ್ಮನ ಸೊಂಟ ಸೇರಿತು. ಯುಗಾದಿಯ ದಿನ ಊರಿಗೆಲ್ಲ ಬೇವು ಬೆಲ್ಲವಾದರೆ ಅವನಿಗೆ ಬರೀ ಬೇವು.

ಕಳೆದ ಬೇಸಿಗೆಯಲ್ಲಿ ಬಸವಾಪಟ್ಟಣದ ಓಂಕಾರ್ ಎಂಬಾತ ಬಸ್ ಸ್ಟ್ಯಾಂಡಿನ ಹತ್ತಿರ ಫ್ರೋಜನ್ ಯೋಗರ್ಟ್ ಅಂಗಡಿ ತೆರೆದ. ಅಷ್ಟುದ್ದದ ಹೆಸರು ಯಾರಿಗೆ ಬೇಕು? ಊರು ಅದನ್ನು ಐಸ್ ಮೊಸರು ಅಂದಿತು. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ, ‘ಕೊಬ್ಬಿಲ್ಲ. ಹೊಟ್ಟೆಗೆ ಹಿತ. ಜೀವಂತ ಮೊಸರಿನ ಶಕ್ತಿ.’

ತಿಪ್ಪೇಶಪ್ಪ ಮೆಲ್ಲಗೆ ಕೇಳಿದ, “ಅದನ್ನ ತಿನ್ನಬಹುದೇನೇ?”

“ಮೊಸರಲ್ವಾ? ತಿನ್ರಿ. ಮೊಸರು ತಿಂದು ಸತ್ತೋರ್ನ ನಾನಂತೂ ಕಂಡಿಲ್ಲ,” ಅಂದಳು ಸಾವಂತ್ರಮ್ಮ. ಇನ್ನೊಬ್ಬರ ಮೊಸರಿನ ಪರವಾಗಿ ಅವಳು ಮಾತಾಡಿದ್ದು ಜೀವಮಾನದಲ್ಲಿ ಅದೇ ಮೊದಲು.

ದಿನಾ ಸಂಜೆ ತಿಪ್ಪೇಶಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡತೊಡಗಿದ. ಒಂದು ಕಪ್ ಐಸ್ ಮೊಸರು, ಅದರ ಮೇಲೆ ಗೋಡಂಬಿ, ಒಣದ್ರಾಕ್ಷಿ, ಕೆಂಪು ಸಿರಪ್ಪು. ಎರಡು ತಿಂಗಳಾಗುವಷ್ಟರಲ್ಲಿ, ಚಪ್ಪಲಿ ಕಚ್ಚಿ ಕಾಲಿನ ಹೆಬ್ಬೆರಳಲ್ಲಿ ಆದ ಗಾಯ ಮಾಯದೆ ಕೀವು ಕಟ್ಟಿತು. ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ ಹುಬ್ಬೇರಿಸಿದರು.

“ಶುಗರ್ ಮುನ್ನೂರ ನಲವತ್ತು ಐತೆ. ಹದಿನೈದು ದಿನದಾಗೆ ಇಳೀಲಿಲ್ಲ ಅಂದ್ರೆ ಬೆರಳು ತೆಗೀಬೇಕಾಗ್ತದೆ. ಏನೇನು ತಿಂತಿದೀರಿ?”

“ಮೊಸರೊಂದೇ ಹೊಸದು,” ಅಂದ ತಿಪ್ಪೇಶಪ್ಪ.

“ಮೊಸರಿನ ಸುದ್ದಿಗೆ ಬರಬ್ಯಾಡ್ರಿ ಡಾಕ್ಟ್ರೇ,” ಎಂದು ಸಾವಂತ್ರಮ್ಮ ಎದ್ದೇ ನಿಂತಳು. ಮನೆಗೆ ಬರುವ ದಾರಿಯಲ್ಲಿ ರೇಷನ್ ಅಕ್ಕಿಯನ್ನು ಬೈದಳು, ಮಾತ್ರೆ ಕೊಟ್ಟ ಅಂಗಡಿಯವನನ್ನು ಬೈದಳು, ರಕ್ತ ನೋಡಿದ ಮಿಷನ್ನನ್ನೂ ಬಿಡಲಿಲ್ಲ. ಆದರೆ ಗಂಡ ಕುಂಟುವುದನ್ನು ನೋಡಿ ತನ್ನ ನಡಿಗೆ ನಿಧಾನ ಮಾಡಿದಳು. ಊರಿನ ಕಂಬವನ್ನೆಲ್ಲ ಹತ್ತಿ ಇಳಿದ ಕಾಲು ಅದು.

ಮೂರನೆಯ ದಿನ ತಾನೇ ಹೋಗಿ ಒಂದು ಕಪ್ ಐಸ್ ಮೊಸರು ತಂದಳು. ಒಂದು ಚಮಚ ಬಾಯಿಗಿಟ್ಟಳು. ರುಚಿಯಾಗಿತ್ತು, ಅದೇ ಅವಳಿಗೆ ತಡೆಯಲಾಗಲಿಲ್ಲ. ಯಾವ ಎಮ್ಮೆಯಿಂದಲೂ ಇಷ್ಟು ರುಚಿ ಸಾಧ್ಯವಿಲ್ಲ ಎಂದು ಅವಳಿಗೆ ಗೊತ್ತು.

ಮೊಸರು ಮಾರುವವರು ನಾಲಿಗೆಯನ್ನು ನಂಬುವುದಿಲ್ಲ, ಹೆಪ್ಪನ್ನು ನಂಬುತ್ತಾರೆ. ಉಗುರುಬೆಚ್ಚಗಿನ ಹಾಲು ಎರಡು ಪಾತ್ರೆಗೆ ಹಾಕಿ, ಒಂದಕ್ಕೆ ತನ್ನ ಮೊಸರಿನ ಹೆಪ್ಪು, ಇನ್ನೊಂದಕ್ಕೆ ಕರಗಿದ ಐಸ್ ಮೊಸರು ಬಿಟ್ಟು ಮುಚ್ಚಿದಳು. ಬೆಳಿಗ್ಗೆ ನೋಡಿದರೆ ತನ್ನದು ಗಟ್ಟಿ ಮೊಸರಾಗಿ ಕೂತಿತ್ತು. ಇನ್ನೊಂದರ ಹಾಲು ಹಾಲಾಗೇ ಇತ್ತು, ಅದೂ ಸಿಹಿ ಹಾಲು.

ಆ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ಹೋಗಿ ಓಂಕಾರನ ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದಳು.

“ಜೀವ ಐತೆ ಅಂತ ಬರ್ಸೀಯಲ್ಲಪ್ಪಾ, ಎಲ್ಲೈತೆ ತೋರ್ಸು. ನಿನ್ ಮೊಸರಿಗೆ ಒಂದು ಲೋಟ ಹಾಲಿಗೆ ಹೆಪ್ಪಾಗೋ ಯೋಗ್ಯತೆ ಇಲ್ಲ!”

ಓಂಕಾರ್ ಬೆವರಿದ. “ಅಮ್ಮಾ, ನಾನೇನು ಹೆಪ್ಪು ಹಾಕ್ತೀನಾ? ಪುಡಿ ಬರ್ತದೆ, ನೀರಿಗೆ ಕಲಸಿ ಮಿಷನ್ನಿಗೆ ಹುಯ್ತೀನಿ.” ಒಳಗಿನಿಂದ ಪೊಟ್ಟಣ ತಂದು ಓದಿದ. ಮೊದಲ ಹೆಸರೇ ಸಕ್ಕರೆ. ಮೊಸರಿನ ಪುಡಿ ನಾಲ್ಕನೆಯದು.

“ಇದನ್ನ ಬೋರ್ಡಿನಾಗೆ ಯಾಕೆ ಬರ್ಸಿಲ್ಲ?”

“ಕೊಬ್ಬಿಲ್ಲ ಅಂತ ಬರ್ಸೀನಿ, ನಿಜವಾಗ್ಲೂ ಇಲ್ಲ. ಸಕ್ಕರೆ ಇಲ್ಲ ಅಂತ ಎಲ್ಲಿ ಬರ್ಸೀನಮ್ಮಾ?”

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಹೇಳುತ್ತಿದ್ದವಳು ಪಾತ್ರೆಯನ್ನು ಮತ್ತೆ ಸೆರಗಿಗೆ ಎತ್ತಿಕೊಂಡಳು. ಬೋರ್ಡು ಸುಳ್ಳು ಹೇಳಿದ್ದು ಅರ್ಧ. ಉಳಿದರ್ಧ ತನ್ನ ಬಾಯಿಂದಲೇ ಬಂದಿತ್ತು. ನಾಚಿಕೆಯಿಂದ ಮುಖ ಸುಟ್ಟಂತಾಗಿ ಅವಳು ಮನೆಗೆ ನಡೆದಳು.

ತಿಪ್ಪೇಶಪ್ಪ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದ.

“ಅದು ಮೊಸರಲ್ಲ ಕಣ್ರೀ, ಸಕ್ಕರೆ. ನಿಮ್ದೇನೂ ತಪ್ಪಿಲ್ಲ. ನಾನೇ ತಿನ್ರಿ ಅಂದೆ.”

ಅವನು ಗಾಯದ ಬಟ್ಟೆಯ ಗಂಟನ್ನು ಮುಟ್ಟಿ ನೋಡಿಕೊಂಡ. “ಮೊದಲ್ನೇ ಚಮಚದಾಗೇ ಗೊತ್ತಾಗಿತ್ತು ಕಣೇ.”

“ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?”

“ಎಂಟು ವರ್ಷದಾಗೆ ನೀನು ‘ತಿನ್ರಿ’ ಅಂದಿದ್ದು ಅದೊಂದೇ. ಅದನ್ನ ಹೆಂಗೆ ವಾಪಸ್ ಕೊಡ್ಲಿ?”

ಸಾವಂತ್ರಮ್ಮನಿಗೆ ಅವನನ್ನು ಹೊಡೆಯಬೇಕೆನಿಸಿತು, ಅಳಬೇಕೂ ಅನಿಸಿತು. ಎರಡನ್ನೂ ಮಾಡದೆ ಪಕ್ಕದಲ್ಲಿ ಕೂತು, ಅವನ ಕಾಲನ್ನು ತೊಡೆಯ ಮೇಲೆಳೆದುಕೊಂಡಳು.

“ಡಾಕ್ಟ್ರು ಕೊಟ್ಟಿದ್ರಾಗೆ ಇನ್ನೂ ಹನ್ನೊಂದು ದಿನ ಐತೆ,” ಅಂದು ಗಾಯದ ಬಟ್ಟೆ ಬಿಚ್ಚತೊಡಗಿದಳು.