ಆಟದ ಪೆಟ್ಟಿಗೆ ಮತ್ತು ಆಯಿಯ ಆಣೆ

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಬಣ್ಣ ಹಚ್ಚಿದರು. ಕಲಬುರಗಿಯ ಬಿಸಿಲಿಗೆ ಆಯಿಲ್ ಪೇಂಟಿನ ಘಾಟು ನಮ್ಮ ಅಂತಸ್ತಿನವರೆಗೂ ಏರಿ ಬಂತು. ಅಕ್ಕಪಕ್ಕದವರೆಲ್ಲ ಬೈಯುತ್ತಾ ಕಿಟಕಿ ಮುಚ್ಚಿಕೊಂಡರು. ನಾನು ಮಾತ್ರ ತೆರೆದಿಟ್ಟು ನಿಂತೆ. ಆ ವಾಸನೆ ಬಂದರೆ ಸಾಕು, ಆಳಂದದ ನಮ್ಮ ಬಾಡಿಗೆ ಮನೆಯ ಹೊಸ್ತಿಲು ಕಣ್ಣಿಗೆ ಕಟ್ಟುತ್ತದೆ. ಆ ಹೊಸ್ತಿಲ ಮೇಲೆ ಕೂತು, ಕಳ್ಳರನ್ನು ನೋಡಿದಂತೆ ನಮ್ಮನ್ನು ನೋಡುತ್ತಿದ್ದ ಆಯಿ...

ಆಯಿ ಎಂದರೆ ಆ ಮನೆಯ ಮಾಲಕಿ. ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದರು, ನಾವೂ ಕರೆದೆವು. ಮುಂದಿನ ಭಾಗದಲ್ಲಿ ಅವರೊಬ್ಬರೇ ಇರುತ್ತಿದ್ದರು. ಒಬ್ಬಳೇ ಮಗಳನ್ನು ಜೇವರ್ಗಿಗೆ ಕೊಟ್ಟಿದ್ದರು. ಅಂಗಳ ದಾಟಿದರೆ ಹಿಂದಿನ ಖೋಲಿಗಳಲ್ಲಿ ನಾನು, ನಮ್ಮವರು. ತೊಂಬತ್ತರ ದಶಕದ ಆರಂಭದ ಮಾತು. ನಮ್ಮವರು ಬಸ್ ಸ್ಟ್ಯಾಂಡಿನ ಹತ್ತಿರ ಟಿವಿ ರಿಪೇರಿ ಅಂಗಡಿ ಇಟ್ಟಿದ್ದರು.

ಮದುವೆಯಾದ ಹೊಸದರಲ್ಲಿ ಇಬ್ಬರೂ ಸೊಲ್ಲಾಪುರಕ್ಕೆ ಹೋದಾಗ, ಸ್ಟೇಷನ್ ಹತ್ತಿರದ ಅಂಗಡಿಯೊಂದರಲ್ಲಿ ನಾನು ವಿಡಿಯೋ ಗೇಮ್ ಆಡಿದ್ದೆ. ನಿಂತು ಆಡುವ ಎತ್ತರದ ಪೆಟ್ಟಿಗೆ. ಮೇಲಿನಿಂದ ಹುಳುಗಳಂಥವು ಇಳಿದು ಬರುತ್ತಿದ್ದವು, ಕೆಳಗಿನಿಂದ ಗುಂಡು ಹಾರಿಸಿ ಉರುಳಿಸಬೇಕು. ಯಾಕೋ ಅದು ನನ್ನ ಕೈಗೆ ತಟ್ಟನೆ ಒಗ್ಗಿಬಿಟ್ಟಿತು. ಆದರೆ ಸೀರೆ ಉಟ್ಟ ಹೆಂಗಸು ಆಡುವುದನ್ನು ನೋಡಲು ಗಂಡಸರ ಗುಂಪು ಸೇರಿತು. ಮೈಯೆಲ್ಲ ಉರಿದು, ಗೆಲ್ಲುತ್ತಿದ್ದ ಆಟವನ್ನು ಅರ್ಧಕ್ಕೇ ಬಿಟ್ಟು ಬಂದೆ. ಊರು ಬರುವವರೆಗೂ ಕಿಟಕಿಗೆ ಮುಖ ಮಾಡಿ ಕೂತಿದ್ದೆ.

"ತಡಿ, ಮನ್ಯಾಗs ಒಂದು ಕಟ್ಟಿ ಕೊಡ್ತೇನಿ ನಿನಗ. ಯಾರೂ ನೋಡೂದಿಲ್ಲ, ಬೇಕಾದಷ್ಟು ಆಡು," ಎಂದರು ನಮ್ಮವರು.

ಗಂಡಸರು ಹೀಗೆ ಹೇಳುವುದೂ ಮರೆಯುವುದೂ ಇದ್ದದ್ದೇ ಎಂದುಕೊಂಡಿದ್ದೆ. ಇವರು ಮರೆಯಲಿಲ್ಲ. ಸೊಲ್ಲಾಪುರದ ಗುಜರಿಯಿಂದ ಕೆಟ್ಟುಹೋದ ಗೇಮಿನ ಬೋರ್ಡು ತಂದರು, ಹಳೆಯ ಟಿವಿಯ ಟ್ಯೂಬು ಹೊಂದಿಸಿದರು, ಪ್ಲೈವುಡ್ ತಂದು ತಾವೇ ಕೊಯ್ದರು. ಇನ್ನೊಂದು ತುದಿ ಹಿಡಿಯುವುದು ನನ್ನ ಕೆಲಸ. ಗುಜರಿಯಲ್ಲಿ ಬೋರ್ಡಿನ ಜೊತೆ ನಾಣ್ಯ ಹಾಕುವ ಕಬ್ಬಿಣದ ಬಾಯಿಯೂ ಸಿಕ್ಕಿತ್ತು. "ಅಂಗಡ್ಯಾಗ ಇದ್ದಂಗೇ ಇರಬೇಕು" ಎಂದು ಅದನ್ನೂ ಕೂರಿಸಿದರು. ಇವರ ಈ ಹಟವೇ ನಮಗೆ ಮುಳುವಾಯಿತು.

ಬಣ್ಣ ಹಚ್ಚುವಾಗ ದೊಡ್ಡ ಜಗಳ. ಇವರಿಗೆ ರಾಕೆಟ್ಟೇ ಬೇಕು. ಮಣ್ಣೂರಿನ ಭೀಮಾ ದಂಡೆಯಲ್ಲಿ ಬೆಳೆದ ನನಗೆ ಹೊಳೆ, ಮೀನು, ಮೊಸಳೆ ಬಿಟ್ಟರೆ ಬೇರೇನೂ ಬರೆಯಲು ಬಾರದು. ಕೊನೆಗೆ ಎಡಬದಿ ಅವರದು, ಬಲಬದಿ ನನ್ನದು ಎಂದು ಪಾಲಾಯಿತು. ಅವರ ರಾಕೆಟ್ ಥೇಟ್ ಬದನೆಕಾಯಿ. ನನ್ನ ಮೊಸಳೆ ಹಲ್ಲಿಯಂತಿದೆ ಎಂದು ಅವರು ನಗುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಬಂದವರು ಕೈ ತೊಳೆದು, ಅಂಗಡಿಗೆ ಹೋಗುವ ಮುನ್ನ ಅಷ್ಟು ಹೊತ್ತು ನನ್ನ ಪಕ್ಕ ಕೂತು ಬಣ್ಣ ಹಚ್ಚುತ್ತಿದ್ದರು. ನನ್ನ ಸಂಸಾರದಲ್ಲಿ ಅದಕ್ಕಿಂತ ಸುಖದ ದಿನಗಳು ನೆನಪಿಲ್ಲ.

ಅದೇ ಹೊತ್ತಿಗೆ ಆಯಿ ಬರುತ್ತಿದ್ದರು. ಒಮ್ಮೆ ಹೆಪ್ಪಿಗೆ ಮಜ್ಜಿಗೆ ಬೇಕೆಂದು, ಒಮ್ಮೆ ಬೆಕ್ಕು ಇತ್ತ ಬಂತೇ ಎಂದು. ಬಂದು ಹೊಸ್ತಿಲ ಮೇಲೆ ಕೂತರೆ ಏಳುತ್ತಿರಲಿಲ್ಲ.

"ಏನಬೇ ಇದು, ಏನ್ ಮಾಡಾಕತ್ತೀರಿ?"

"ಆಟದ ಪೆಟಿಗಿರಿ ಆಯಿ."

"ಆಟಕ್ಕ ರೊಕ್ಕ ನುಂಗೂ ಬಾಯಿ ಯಾಕ?"

ನಾವು ಎಷ್ಟು ಬಿಡಿಸಿ ಹೇಳಿದರೂ ಆಯಿ "ಹಾಂ, ಹಾಂ" ಎನ್ನುತ್ತಾ ಆ ಬಾಯಿಯನ್ನೇ ನೋಡುತ್ತಿದ್ದರು. ಅವರ ಗಂಡ ಮಟ್ಕಾ ಜೂಜಿನ ಹುಚ್ಚಿಗೆ ಬಿದ್ದವರಂತೆ. ದಿನಾ ಸಂಜೆ ಭಜನೆಗೆಂದು ಹೇಳಿ ನಂಬರು ಹಚ್ಚಲು ಹೋಗುತ್ತಿದ್ದರಂತೆ. ಆಯಿ ಕೇಳಿದಾಗ ಜಿಡಗಾ ಮಠದ ವಿಭೂತಿ ಮುಟ್ಟಿ, ತಾನು ಮಟ್ಕಾ ಆಡುವುದಿಲ್ಲ ಎಂದು ಆಣೆ ಮಾಡಿದರಂತೆ. ಆ ಆಣೆ ಮಾಡಿದ ಕೆಲವೇ ದಿನಗಳಲ್ಲಿ ಊರು ಬಿಟ್ಟು ಹೋದವರು ತಿರುಗಿ ಬರಲಿಲ್ಲ. ಸುಳ್ಳು ಆಣೆಯೇ ಗಂಡನನ್ನು ಒಯ್ದಿತು ಎಂದು ಆಯಿ ನಂಬಿದ್ದರು. ಅಂದಿನಿಂದ ಯಾರ ಬಾಯಿಮಾತನ್ನೂ ಅವರು ನಂಬುತ್ತಿರಲಿಲ್ಲ.

ನಾನೇನು ಕಡಿಮೆ ಸಂಶಯದವಳೇ? ನಾವಿಲ್ಲದಾಗ ಆಯಿ ಒಳಗೆ ಬಂದು ತಡಕಾಡುತ್ತಾರೆ ಎಂದು ನನಗೆ ಗುಮಾನಿ. ಹೊರಗೆ ಹೋಗುವಾಗ ಚಿಲಕಕ್ಕೆ ಒಂದು ಎಳೆ ದಾರ ಸಿಕ್ಕಿಸಿ ಹೋಗುತ್ತಿದ್ದೆ. ದಾರ ಇದ್ದ ಹಾಗೇ ಇರುತ್ತಿತ್ತು. ಅದಕ್ಕೂ ನನಗೆ ಸಮಾಧಾನವಿಲ್ಲ, ಈ ಮುದುಕಿ ದಾರವನ್ನು ಮತ್ತೆ ಸಿಕ್ಕಿಸುವಷ್ಟು ಚಾಲಾಕಿ ಇರಬೇಕು ಎಂದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಪೊಲೀಸ್ ಜಮಾದಾರರು ಬಂದೇಬಿಟ್ಟರು. ಮನೆಯಲ್ಲಿ ಮಟ್ಕಾ ಮಶೀನು ಕಟ್ಟುತ್ತಿದ್ದಾರೆ ಎಂದು ಯಾರೋ ಸುದ್ದಿ ಮುಟ್ಟಿಸಿದ್ದರು. ನಾನು ಆಯಿಯ ಮುಖ ನೋಡಿದೆ. ಇವರೇ, ಇವರಲ್ಲದೆ ಇನ್ಯಾರು!

"ಆಟದ ಪೆಟಿಗಿರಿ ಸಾಹೇಬ್ರ," ಎಂದರು ನಮ್ಮವರು.

"ಹಂಗಾದ್ರ ಆಟ ತೋರ್ಸು."

ತೋರಿಸುವುದು ಏನನ್ನು? ಬೋರ್ಡು ರಿಪೇರಿಗೆ ಸೊಲ್ಲಾಪುರಕ್ಕೆ ಹೋಗಿತ್ತು. ಇದ್ದದ್ದು ಒಂದು ಖಾಲಿ ಪೆಟ್ಟಿಗೆ, ಅದಕ್ಕೊಂದು ರೊಕ್ಕ ನುಂಗುವ ಬಾಯಿ. ಜಮಾದಾರರು ನಮ್ಮವರಿಗೆ ಠಾಣೆಗೆ ನಡೆ ಎಂದವರು, ಹೋಗುವ ಮುನ್ನ ಆಯಿಯ ಕಡೆ ತಿರುಗಿದರು. "ಮನಿ ನಿಮ್ಮದು. ದಿನಾ ನೋಡಾಕತ್ತೀರಿ. ನೀವು ಹೇಳ್ರಿ ಅವ್ವಾ, ಏನದ ಇದು?"

ನಮ್ಮ ಕಥೆ ಮುಗಿಯಿತು ಎಂದುಕೊಂಡೆ. ಆಯಿ ಎದ್ದು ಒಳಗೆ ಹೋದರು. ಬರುವಾಗ ಅಂಗೈಯಲ್ಲಿ ವಿಭೂತಿ ಗಟ್ಟಿ ಇತ್ತು.

"ಜಿಡಗಾ ಮಠದ ಈಬತ್ತಿ ಅದ ನೋಡಪಾ. ಇದರ ಮ್ಯಾಗ ಕೈ ಇಟ್ಟು ಹೇಳ್ತೇನಿ. ಇದು ಮಟ್ಕಾ ಅಲ್ಲ."

ನಮ್ಮ ಕಡೆ ಅಂಥ ಆಣೆಯ ಮುಂದೆ ಇನ್ನೊಂದು ಮಾತಿಲ್ಲ. ಜಮಾದಾರರು ವಿಭೂತಿಗೆ ಕೈ ಮುಗಿದು ಹೊರಟುಹೋದರು. ನನಗೆ ಅಳು ಉಕ್ಕಿ ಬಂತು. ಕೊನೆಗೂ ನಮ್ಮನ್ನು ನಂಬಿದರಲ್ಲ ಎಂದು ಆಯಿಯ ಕಾಲು ಹಿಡಿಯಲು ಬಗ್ಗಿದೆ. ಅವರು ಕಾಲು ಹಿಂದೆಳೆದುಕೊಂಡರು.

"ಸುಳ್ಳ ಆಣಿ ಮಾಡೀನಿ ನಾ, ನಿಮ್ಮ ಸಲುವಾಗಿ."

"ಖರೇನs ಅದರಿ ಆಯಿ! ನೀವು ಹೇಳಿದ್ದು ಖರೇನs ಅದ!"

"ನನ್ನ ಗಂಡನೂ ಹಿಂಗೇ ಅಂತಿದ್ದ."

"ಮತ್ತ ಯಾಕ ಹೇಳಿದ್ರಿ?"

ಆಯಿ ಅರ್ಧ ಬಣ್ಣ ಹಚ್ಚಿದ ಪೆಟ್ಟಿಗೆಯನ್ನು ನೋಡಿದರು. "ನಿನ್ನ ಗಂಡ ದಿನಾ ಮಧ್ಯಾಹ್ನ ಬಂದು ನಿನ್ನ ಬಾಜೂಕ ಕೂಡ್ತಾನ. ಅವನ್ನ ಒಯ್ದಿದ್ರ ನೀ ಏನ್ ಮಾಡ್ತಿದ್ದಿ?"

ಮರುದಿನ ಬೆಳಿಗ್ಗೆ ಆಯಿಯ ಹಣೆ ಬರಿದೆನಿಸಿತು. ಕುಂಕುಮ ಇತ್ತು, ವಿಭೂತಿ ಇರಲಿಲ್ಲ. ಸುಳ್ಳು ಆಣೆ ಮಾಡಿದ ಕೈಯಿಂದ ಅದನ್ನು ಮುಟ್ಟಬಾರದಂತೆ. ಅಮಾವಾಸ್ಯೆಗೆ ತಪ್ಪದೆ ಜಿಡಗಾಕ್ಕೆ ಹೋಗುತ್ತಿದ್ದವರು ಹೋಗುವುದನ್ನೇ ಬಿಟ್ಟರು.

ಬೋರ್ಡು ಬಂದ ದಿನ ಆಯಿಯನ್ನು ಕೈ ಹಿಡಿದು ಕರೆತಂದೆ. ಅವರೆದುರೇ ನಾಣ್ಯ ಹಾಕಿದೆ, ಆಡಿದೆ, ಹುಳುಗಳನ್ನೆಲ್ಲ ಉರುಳಿಸಿದೆ. ನಮ್ಮವರು ಹಿಂದಿನ ಹಲಗೆ ಬಿಚ್ಚಿ ಒಳಗಿನದನ್ನೆಲ್ಲ ತೋರಿಸಿದರು. ಆಯಿ ನೋಡಿ, "ನಾ ಎದುರಿಗೆ ಕೂತಾಗ ಅದು ಯಾಕ ರೊಕ್ಕ ಉಗುಳೀತು? ನಾ ಹೋದ ಮ್ಯಾಗ ಉಗುಳ್ತದ." ಎಂದರು. ನಮ್ಮವರು ಆ ಕಬ್ಬಿಣದ ಬಾಯಿಯನ್ನೇ ಕಿತ್ತು, ಹಲಗೆ ಬಡಿದು ಬಣ್ಣ ಬಳಿದರು. ಮುಚ್ಚಿಟ್ಟಿದ್ದಾರೆಂದರೆ ಏನೋ ಇದ್ದೇ ಇತ್ತು ಎಂದು ಆಯಿಗೆ ಮತ್ತಷ್ಟು ಖಾತ್ರಿಯಾಯಿತು! ಕೊನೆಗೆ ನಾನೇ ವಿಭೂತಿ ಮುಟ್ಟಿ ಹೇಳುತ್ತೇನೆಂದು ಹೋದೆ. ಅವರು ಗಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಬ್ಯಾಡ ಮಗಳ, ನೀನೂ ಕೆಡಬ್ಯಾಡ" ಎಂದರು.

ಆಮೇಲೆ ನನಗೆ ಆ ಆಟ ಸೇರಲಿಲ್ಲ. ಕಲಬುರಗಿಗೆ ಬರುವಾಗ ಪೆಟ್ಟಿಗೆಯನ್ನು ಬಿಚ್ಚಿ ಹಲಗೆಗಳನ್ನು ಯಾರಿಗೋ ಕೊಟ್ಟೆವು...

ಆಯಿ ತೀರಿಕೊಂಡ ಸುದ್ದಿ ಬಂದಾಗ ಇಬ್ಬರೂ ಆಳಂದಕ್ಕೆ ಹೋದೆವು. ಆಯಿಯನ್ನು ಗೋಡೆಗೊರಗಿಸಿ ಕೂರಿಸಿದ್ದರು. ಮಠದ ಅಯ್ಯನವರು ಅವರ ಹಣೆಯ ತುಂಬ ವಿಭೂತಿ ಬಳಿದಿದ್ದರು. ಅಷ್ಟು ವರ್ಷ ಬೇಡವೆಂದವರು ಅಂದು ಬೇಡವೆನ್ನಲಿಲ್ಲ. ಜೇವರ್ಗಿಯ ಮಗಳು ನನ್ನನ್ನು ಪಕ್ಕಕ್ಕೆ ಕರೆದಳು. "ಅವ್ವ ಈಬತ್ತಿ ಬಿಟ್ಟದ್ದು ಯಾಕ್ರಿ? ನನಗೂ ಹೇಳಲಿಲ್ಲ," ಎಂದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎಲ್ಲ ಕೇಳಿಸಿಕೊಂಡು, ನನ್ನ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದಳು. "ಈಗರ ಖರೆ ಹೇಳ್ರಿ. ಅದು ಮಟ್ಕಾದ್ದೇ ಇತ್ತಲ್ಲ?"

ನಾನು ಸಿಟ್ಟಾಗಲಿಲ್ಲ. ಅಲ್ಲ ಎಂದೆ, ಅಷ್ಟೇ. ಅವಳು ನಂಬದಿದ್ದರೆ ನಡೆಯುತ್ತದೆ, ಓಣಿ ನಂಬದಿದ್ದರೂ ನಡೆಯುತ್ತದೆ. ನಂಬಬೇಕಾಗಿದ್ದವರು ಒಬ್ಬರೇ ಇದ್ದರು. ನಮಗಾಗಿ ತಮ್ಮ ದೇವರನ್ನೇ ಬಿಟ್ಟುಕೊಟ್ಟೆನೆಂದು ತಿಳಿದು ಬದುಕಿದ ಆ ಆಯಿ ಈಗ ಇಲ್ಲ. ಅವರು ಆಡಿದ ಮಾತು ಸತ್ಯವೇ ಆಗಿತ್ತು ಎಂಬುದು ನನಗೆ ಗೊತ್ತಿದೆ, ನಮ್ಮವರಿಗೆ ಗೊತ್ತಿದೆ. ಅವರಿಗೆ ಮಾತ್ರ ಗೊತ್ತಾಗಲಿಲ್ಲ.