ಅಕ್ಕನ ಜುಮುಕಿಯ ಕೊಕ್ಕೆ

ಅಕ್ಕ ತೀರಿಕೊಂಡ ಮೇಲೆ ನನಗೆ ಅಳು ಬರಲಿಲ್ಲ. ಹರಿಹರದಲ್ಲಿ ಎಲ್ಲ ಕಾರ್ಯ ಮುಗಿಸಿ ವಿನೋಬನಗರದ ನಮ್ಮ ಮನೆಗೆ ಬಂದವಳು ಎಂದಿನಂತೆ ಅಕ್ಕಿ ತೊಳೆದೆ, ಬಟ್ಟೆ ಹರವಿದೆ. ಮಾತಾಡಿಸಿದವರಿಗೆ ಮಾತಾಡಿದೆ. ಒಳಗೆ ಮಾತ್ರ, ಹಲ್ಲು ಕೀಳುವಾಗ ಸೂಜಿ ಚುಚ್ಚಿದ ದವಡೆಯ ಹಾಗೆ, ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ.

ಅಕ್ಕನಿಗೆ ಒಡವೆ ಎಂದರೆ ಆಸೆ. ಚಿನ್ನವಲ್ಲ, ಬಜಾರಿನ ರೋಲ್ಡ್ ಗೋಲ್ಡ್. ಅದನ್ನೇ ಅವಳು ಚಿನ್ನಕ್ಕಿಂತ ಜೋಪಾನ ಮಾಡುತ್ತಿದ್ದಳು. ಪೌಡರು, ಸೆಂಟು ಹಚ್ಚಿಕೊಂಡು ಆರಿದ ಮೇಲಷ್ಟೇ ಹಾಕಿಕೊಳ್ಳುವಳು. ಮನೆಗೆ ಬಂದ ಕೂಡಲೇ ತೆಗೆದು, ಬೆವರು ಒರೆಸಿ, ಗಾಳಿಯಾಡದ ಕವರಿನಲ್ಲಿ ತೇವ ಹೀರಲೆಂದು ಒಂದು ಚೂರು ಸೀಮೆಸುಣ್ಣದ ಜೊತೆ ಇಡುವಳು. ಮೈಗೆ ತಾಗುವ ಕಡೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯುವಳು. ನೀರು ಸೋಕಿದರೆ ಕಪ್ಪಾಗುವುದು ಅಲ್ಲಿಂದಲೇ ಶುರು ಎನ್ನುತ್ತಿದ್ದಳು.

ಬೇಸಿಗೆ ರಜೆಗೆ ಅವಳ ಮಗಳು ನಮ್ಮಲ್ಲಿಗೆ ಬಂದಳು. ಒಂಬತ್ತನೇ ತರಗತಿ ಮುಗಿಸಿದ್ದಳು. ಸೆಕೆಯಲ್ಲೂ ಕೂದಲು ಬಿಟ್ಟುಕೊಂಡು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ತಲೆಗೆ ಎಣ್ಣೆ ಹಚ್ಚಲು ಕೂರಿಸಿಕೊಂಡಾಗ ಕಂಡಿತು. ಅಕ್ಕನ ಜುಮುಕಿ. ಕೊಕ್ಕೆಯ ಹೊಳಪೆಲ್ಲ ಹೋಗಿ ಕಪ್ಪಾಗಿತ್ತು. ಎರಡೂ ಕಿವಿಯ ಹಾಲೆ ಊದಿ, ಕೀವು ಕಟ್ಟಿತ್ತು.

"ನೋಯ್ತಿಲ್ಲೇನೇ?"

"ನೋಯ್ತೈತೆ."

"ಮತ್ತ ಯಾಕ ತೆಗೀಲಿಲ್ಲ?"

ಅವಳು ಗೋಡೆ ನೋಡುತ್ತಲೇ ಹೇಳಿದಳು. "ಆಸ್ಪತ್ರೆಗೆ ಹೋಗೋ ದಿನ ಅವ್ವನೇ ತನ್ ಕಿವೀಲಿಂದ ತೆಗ್ದು ನಂಗೆ ಹಾಕಿದ್ಲು. ನಾ ಬಂದ್ಮ್ಯಾಲೆ ಕೊಡುವಂತಿ, ಅಲ್ಲೀಗಂಟ ತೆಗೀಬ್ಯಾಡ ಅಂದಿದ್ಲು."

ನಾನು ಎದ್ದು ಹೋಗಿ ನೀರು ಕಾಯಲಿಟ್ಟೆ.

ಬಿಸಿನೀರಲ್ಲಿ ಹತ್ತಿ ಅದ್ದಿ ಅದ್ದಿ, ಅಂಟಿಕೊಂಡಿದ್ದ ಕೊಕ್ಕೆ ಸಡಿಲವಾದ ಮೇಲೆ ಮೆಲ್ಲಗೆ ಎಳೆದೆ. ಅವಳು ನನ್ನ ಮೊಣಕಾಲು ಹಿಡಿದುಕೊಂಡಿದ್ದಳು. ಚರ್ಮದ ಡಾಕ್ಟರು ನೋಡಿ, ಇಂಥ ಒಡವೆಯಲ್ಲಿ ನಿಕ್ಕಲ್ ಬೆರೆತಿರುತ್ತದೆ, ಈ ಹುಡುಗಿಗೆ ಅದು ಒಗ್ಗುವುದಿಲ್ಲ ಎಂದು ಮುಲಾಮು ಬರೆದರು. ಬರುವಾಗ ಆಟೋದಲ್ಲಿ ಅವಳು ಜುಮುಕಿಯನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದಳು. ಇನ್ನು ಇದನ್ನು ಹಾಕಿಕೊಳ್ಳುವಂತೆಯೇ ಇಲ್ಲವಾ ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ಕೀವು ಒಣಗಿದ ಮೇಲೆ ತೂತು ಮುಚ್ಚಿಕೊಳ್ಳದಿರಲೆಂದು ಬೇವಿನ ಕಡ್ಡಿ ಸಿಕ್ಕಿಸಿದೆ. ಕಿವಿ ಪೂರ್ತಿ ವಾಸಿಯಾದಾಗ ಕೊಕ್ಕೆ ಉಜ್ಜಿ, ಅಕ್ಕನ ಹಾಗೆಯೇ ನೇಲ್ ಪಾಲಿಶ್ ಬಳಿದು ಹಾಕಿದೆ. ಮಾರನೇ ದಿನವೇ ಮತ್ತೆ ತುರಿಕೆ ಶುರುವಾಯಿತು. ತೆಗೆಸಿದೆ.

ಆಮೇಲೆ ಬಜಾರಿನ ಅಕ್ಕಸಾಲಿಗರ ಬಳಿ ಕರೆದುಕೊಂಡು ಹೋದೆ. ಕೊಕ್ಕೆ ಮಾತ್ರ ಬೆಳ್ಳಿಯದು ಹಾಕಿಕೊಡಲು ಆಗುತ್ತದೆಯೇ ಎಂದು ಕೇಳಿದೆ. ಅವರು ಜುಮುಕಿಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು. "ಇದ್ಕೆ ಬೆಳ್ಳಿ ಕೊಕ್ಕೆ ಯಾಕ್ರಿ? ಹೊಸಾ ಬೆಳ್ಳಿ ಓಲೇನೇ ತಗೊಂಬಿಡ್ರಿ."

ನಾನು ಬಾಯಿ ತೆರೆಯುವುದರೊಳಗೆ ಹುಡುಗಿ ಅಂದಳು, "ಇದೇ ಬೇಕ್ರಿ. ನಮ್ಮವ್ವಂದು."

ಅವರು ಇಕ್ಕಳ ಕೈಗೆತ್ತಿಕೊಂಡರು.

ಹೊಸ ಕೊಕ್ಕೆ ಒಗ್ಗಿತು. ಕಿವಿ ಮತ್ತೆ ಕೆಂಪಾಗಲಿಲ್ಲ. ಮಲಗುವ ಮುಂಚೆ ತೆಗೆದಿಡು ಎಂದರೆ ಮೊದಮೊದಲು ಹಿಂಜರಿದಳು, ಆಮೇಲೆ ತಾನೇ ತೆಗೆಯತೊಡಗಿದಳು. ರಜೆ ಮುಗಿದಾಗ ಎರಡು ಜಡೆ ಹಾಕಿ ಕಿವಿ ಕಾಣುವ ಹಾಗೆ ಕಟ್ಟಿ, ಹರಿಹರದ ಬಸ್ಸು ಹತ್ತಿಸಿ ಬಂದೆ.

ಸಂಜೆ ಭಾವನ ಫೋನು ಬಂತು. ಮಗಳು ತಲುಪಿದಳಂತೆ, ಕಿವಿ ಚೆನ್ನಾಗಿದೆಯಂತೆ. ಆಮೇಲೆ ಆ ಕಡೆ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು.

"ಊಟ ಆತೇನಮ್ಮ?" ಎಂದರು ಕೊನೆಗೆ.

"ಇನ್ನೂ ಇಲ್ಲ ಭಾವ. ಮಾಡ್ತೀನಿ" ಎಂದೆ.