ಫೈಬರ್ ಮಡ್ಗಾರ್ಡಿಗೆ ರಬ್ಬರ್ ಹೊದಿಕೆ

ಚಕ್ರದಿಂದ ಸಿಡಿದ ಜಲ್ಲಿ ಮಡ್ಗಾರ್ಡಿನ ಒಳಮೈಗೆ ಬಡಿದು, ಮೇಲಿನ ಬಣ್ಣ ಜೇಡರ ಬಲೆಯ ಹಾಗೆ ಬಿರುಕು ಬಿಡಬಹುದಿತ್ತು. ಬಿರುಕಿನೊಳಗೆ ಮಳೆನೀರು ಇಳಿದು ಫೈಬರ್ ಪದರ ಪದರವಾಗಿ ಬಿಚ್ಚಿಕೊಳ್ಳಬಹುದಿತ್ತು. ಬೋಲ್ಟ್ ಕೂತ ಜಾಗವೇ ಕಿತ್ತುಬಂದು, ಮಡ್ಗಾರ್ಡ್ ನಡುರಸ್ತೆಯಲ್ಲಿ ಉದುರಿ, ಹಿಂದೆ ಬರುವ ಟಿಪ್ಪರ್ ಅದರ ಮೇಲೆ ಹತ್ತಿ, ಡ್ರೈವರ್ ಇಳಿದು ಬಂದು ನನ್ನನ್ನೇ ಬೈಯಬಹುದಿತ್ತು. ಆ ಬೈಗುಳಕ್ಕೆ ಕೊಡಬೇಕಾದ ಉತ್ತರವನ್ನೂ ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿಕೊಂಡಿದ್ದೆ.

ಕಾರು ನನ್ನದೇ, ಹಳೆಯದು. ಮುಂದಿನ ತಗಡಿನ ಮಡ್ಗಾರ್ಡುಗಳು ತುಕ್ಕು ತಿಂದು ಹೋದಾಗ ಫೈಬರಿನವು ಹಾಕಿಸಿದ್ದೆ. ಕಲ್ಲು ಬಡಿದರೆ ತಗಡು ನೆಗ್ಗುತ್ತದೆ, ಫೈಬರ್ ಬಿರಿಯುತ್ತದೆ. ಮಾಡಿಕೊಟ್ಟವರು ಆಮೇಲೆ ಅಚ್ಚನ್ನೇ ಎಸೆದುಬಿಟ್ಟರು. ಇನ್ನೊಂದು ಜೊತೆ ಎಲ್ಲೂ ಸಿಗುವುದಿಲ್ಲ. ಹೋದರೆ ಹೋಗಲಿ ಎನ್ನೋಣವೆಂದರೆ, ಮಂಡಿನೋವಿನ ಅಮ್ಮ ಹತ್ತಿ ಇಳಿಯಲು ಆಗುವುದು ಇದೊಂದರಲ್ಲೇ. ಆಟೊ ಅವಳಿಗೆ ಎತ್ತರ, ಪಕ್ಕದ ಮನೆಯವರ ಹೊಸ ಕಾರು ತಗ್ಗು. ಇದರ ಸೀಟು ಮಾತ್ರ ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ. ಹೊಸಕೋಟೆಯಿಂದ ಸಮೇತನಹಳ್ಳಿಗೆ ಹೋಗಿ, ತನ್ನ ತಂಗಿಯ ಜೊತೆ ಮಧ್ಯಾಹ್ನವಿಡೀ ಜಗಳವಾಡಿ ಬರುವುದು ಅವಳಿಗೆ ಉಳಿದಿರುವ ದೊಡ್ಡ ಸುಖ. ಚಿಕ್ಕಮ್ಮನ ಮನೆಯ ಕಡೆಯ ರಸ್ತೆಗೆ ಜಲ್ಲಿ ಹರಡಿ ಹೋದವರು ಟಾರು ಹಾಕಲು ಬರಲೇ ಇಲ್ಲ.

ಪಿಲ್ಲಗುಂಪೆಯಲ್ಲಿ ಫೈಬರ್ ಟ್ಯಾಂಕು ಮಾಡುವ ಶೆಡ್ಡೊಂದಕ್ಕೆ ಕಾರು ಒಯ್ದೆ. ಶೆಡ್ಡಿನವನು ಚಕ್ರದ ಸಂದಿಯಲ್ಲಿ ತಲೆ ತೂರಿಸಿ ನೋಡಿದ.

“ಒಳಗಡೆಯಿಂದ ಎರಡು ಪದರ ಫೈಬರ್ ಮ್ಯಾಟ್ ಇಟ್ಟು, ಮೇಲೆ ರೆಸಿನ್ ಅಂಟು ಹೊಡೀತೀನಿ. ಸಾಕು ಸಾರ್.”

“ಮೂರು ಇಡಪ್ಪಾ.”

“ಇಡಣ.”

“ಅದರ ಮೇಲೆ ಟಾರು ಬಣ್ಣ. ಅದರ ಮೇಲೆ ದಪ್ಪ ರಬ್ಬರ್ ಶೀಟು. ಕಲ್ಲಿನ ಏಟು ಅಲ್ಲೇ ಸತ್ತೋಗ್ಬೇಕು.”

“ಒಂದು ದಿಂಬೂ ಇಡ್ಲಾ ಸಾರ್?”

ನಾನು ನಗಲಿಲ್ಲ. ದಿಂಬು ಮಳೆಯಲ್ಲಿ ನೆಂದರೆ ಭಾರವಾಗುತ್ತದಲ್ಲ ಎಂದು ಯೋಚಿಸುತ್ತಿದ್ದೆ.

ರಬ್ಬರ್ ಅಂಟಿ ಒಣಗಿದ ಮೇಲೆ ಅಮ್ಮನನ್ನು ಕೂರಿಸಿಕೊಂಡು ಹೊರಟೆ. ಜಲ್ಲಿ ಶುರುವಾಯಿತು. ಕೆಳಗಿನಿಂದ ಟಪ್ ಎಂದರೆ ಸಾಕು, ಬ್ರೇಕ್ ಒತ್ತುತ್ತಿದ್ದೆ. ಕಾರು ನಿಲ್ಲಿಸಿ, ಬಗ್ಗಿ, ಟಾರ್ಚು ಬಿಟ್ಟು ನೋಡುವುದು, ಮತ್ತೆ ಹೊರಡುವುದು.

“ಏನ್ ಕಳ್ಕೊಂಡ್ಯೋ?” ಅಮ್ಮ ಕಿಟಕಿಯಿಂದ ಕೇಳಿದಳು.

“ಏನಿಲ್ಲಮ್ಮ. ಕಲ್ಲು ನೋಡ್ತಿದ್ದೆ.”

“ರಸ್ತೆ ತುಂಬ ಬಿದ್ದವಲ್ಲೋ, ಅದಕ್ಕೆ ಟಾರ್ಚ್ ಬೇರೆ ಕೇಡು. ನಡಿ, ಅವಳು ಅನ್ನಕ್ಕಿಟ್ಟಿರ್ತಾಳೆ.”

ಹೋದೆವು. ಜಗಳ ಚೆನ್ನಾಗಿಯೇ ಆಯಿತು. ಅದೇ ಜಲ್ಲಿಯ ಮೇಲೆ ವಾಪಸ್ಸೂ ಬಂದೆವು. ಊರು ಮುಟ್ಟಿದ ಮೇಲೆ ರಸ್ತೆಬದಿಗೆ ನಿಲ್ಲಿಸಿ ಮಡ್ಗಾರ್ಡುಗಳನ್ನು ಕೈಯಿಂದ ಸವರಿ ನೋಡಿದೆ. ಒಂದು ಗೆರೆಯೂ ಇಲ್ಲ. ನನಗೆ ನಂಬಿಕೆಯೇ ಬರಲಿಲ್ಲ.

ಸಮೇತನಹಳ್ಳಿ ಕಡೆಯಿಂದ ಬಂದರೆ ನಮ್ಮ ಗಲ್ಲಿಗೆ ಹೊರಳಲು ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ಎಳೆಯಬೇಕು. ಎಳೆದೆ. ಕಿರ್ರ್ ಎಂದು ಚಕ್ರ ಆ ದಪ್ಪ ರಬ್ಬರಿಗೆ ಕಚ್ಚಿಕೊಂಡಿತು. ಅಷ್ಟು ತಿರುಗಲು ನಾನು ಅದಕ್ಕೆ ಜಾಗವೇ ಉಳಿಸಿರಲಿಲ್ಲ. ಹಿಂದಕ್ಕೆ ತೆಗೆಯೋಣವೆಂದರೆ ಬೆನ್ನಿಗೆ ಆಟೊಗಳ ಸಾಲು. “ಗುರು, ಮನೆ ಕಟ್ತಿದ್ದೀಯಾ ಇಲ್ಲಿ?” ಎಂದು ಯಾರೋ ಕೂಗಿದರು.

“ಬಿಡು, ಇಲ್ಲೇ ಇಳ್ಕೊತೀನಿ,” ಅಮ್ಮ ಬಾಗಿಲು ತೆಗೆದಳು.

“ಬೇಡಮ್ಮ, ಒಂದ್ನಿಮಿಷ—”

ಇಳಿದಾಗಿತ್ತು. ಕಾರು ಬಿಟ್ಟು ಹೋಗಿ ಕೈ ಹಿಡಿಯುವಂತೆಯೂ ಇರಲಿಲ್ಲ. ಗೋಡೆ ಹಿಡಿದುಕೊಂಡು, ಒಂದು ಮಂಡಿಗೆ ಬಿಡುವು ಕೊಟ್ಟು ಇನ್ನೊಂದನ್ನು ಎತ್ತಿ ಇಡುತ್ತಾ, ಅವಳು ಮನೆಯವರೆಗೂ ನಡೆದೇ ಹೋದಳು.